ಜಾತ್ರೆಗೊಂದು ಅಳತೆ, ಸಭೆಗೊಂದು ಅಳತೆ

(ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನ ಸೇರುವುದನ್ನು ತಡೆದ ಕಾನೂನು ಮತ್ತು ಅದರ ಸುತ್ತ ಎದ್ದ ಚರ್ಚೆಯನ್ನು ಕುರಿತು ಅಂಕೋಲೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಂಕೋಲೆಯ ಬಂಡಿಹಬ್ಬಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ. ವೈಶಾಖದ ಹುಣ್ಣಿಮೆ ಹತ್ತಿರ ಬಂತೆಂದರೆ ಸುತ್ತಲಿನ ಹಳ್ಳಿಗಳ ಜನ ತಾವಾಗಿಯೇ ಪೇಟೆಯ ಕಡೆ ಹೊರಡುತ್ತಾರೆ. ಗೋವೆಯಲ್ಲಿ ದುಡಿಯುವವರು, ಹುಬ್ಬಳ್ಳಿ, ಮುಂಬಯಿಗಳಲ್ಲಿ ನೆಲೆಸಿದವರು ರಜೆ ಹಾಕಿ ಊರು ಸೇರುತ್ತಾರೆ. ಹೂವಿನವರು, ಬಳೆಗಾರರು, ಮಿಠಾಯಿ ಅಂಗಡಿಯವರು ವರ್ಷದ ಸಂಪಾದನೆಯ ಒಂದು ಪಾಲನ್ನು ಆ ದಿನಗಳಲ್ಲೇ ಕಾಣುತ್ತಾರೆ.

2020ರಲ್ಲಿ ಆ ಹುಣ್ಣಿಮೆ ಮೇ 7ರಂದು ಬಂತು. 2021ರಲ್ಲಿ ಮೇ 26ರಂದು. ಎರಡು ವರ್ಷವೂ ದೇಶದಲ್ಲಾಗಲೀ ರಾಜ್ಯದಲ್ಲಾಗಲೀ ಲಾಕ್‌ಡೌನ್ ಜಾರಿಯಲ್ಲಿತ್ತು. ದೇವಸ್ಥಾನ, ಮಸೀದಿ, ಇಗರ್ಜಿಗಳಲ್ಲಿ ಜನ ಸೇರುವುದಕ್ಕೆ ಆಸ್ಪದವಿರಲಿಲ್ಲ. ಜನಸಾಗರವಿಲ್ಲದೆ ಹುಣ್ಣಿಮೆ ಬಂದು ಹೋಯಿತು. ಇದಕ್ಕಾಗಿ ಯಾರೂ ಬಂಡಾಯವೇಳಲಿಲ್ಲ. ರೋಗದ ಭಯ ಎಲ್ಲರಿಗೂ ಇತ್ತು. ಆದರೆ ಅದೇ ಅವಧಿಯಲ್ಲಿ ಬೇರೆ ಕಡೆಗಳಲ್ಲಿ ಚುನಾವಣಾ ಸಭೆಗಳು, ಗಣ್ಯರ ಮನೆಯ ಮದುವೆಗಳು, ರಾಜಕೀಯ ಮೆರವಣಿಗೆಗಳು ನಡೆದ ಸುದ್ದಿ ಬರತೊಡಗಿದಾಗ ಜನ ಒಂದು ಪ್ರಶ್ನೆ ಕೇಳತೊಡಗಿದರು. ಜಾತ್ರೆಯ ಗುಂಪಿಗೆ ತಗಲುವ ರೋಗ ಭಾಷಣದ ಗುಂಪಿಗೆ ತಗಲುವುದಿಲ್ಲವೇ?

ಇಂದಿನ ಮಾತು ಈ ಪ್ರಶ್ನೆಯ ಸುತ್ತಲೇ ಇದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಗುಂಪು ಸೇರುವುದನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಇರಬೇಕೇ ಬೇಡವೇ ಎಂಬುದು ನಿಜವಾದ ವಿವಾದವಲ್ಲ. ಇರಬೇಕೆಂದು ಬಹುಪಾಲು ಜನ ಒಪ್ಪುತ್ತಾರೆ. ಆ ಅಧಿಕಾರವನ್ನು ಎಲ್ಲರ ಮೇಲೂ ಒಂದೇ ಅಳತೆಯಲ್ಲಿ, ಕಾರಣ ಹೇಳಿ, ಹೊಡೆಯದೆ ಬಡಿಯದೆ ಚಲಾಯಿಸಲಾಯಿತೇ ಎಂಬುದೇ ವಿವಾದ. ಈ ವಿವಾದ ಹೊಸದೂ ಅಲ್ಲ. ಕಾರವಾರ, ಅಂಕೋಲೆಗಳು ಸೇರಿದ್ದ ಹಳೆಯ ಮುಂಬಯಿ ಪ್ರಾಂತದಲ್ಲಿ ಇದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಪ್ಲೇಗು ತಂದ ಕಾನೂನು

ಉತ್ತರ ಕನ್ನಡ ಜಿಲ್ಲೆ ಮೊದಲು ಮದರಾಸು ಪ್ರಾಂತದಲ್ಲಿತ್ತು. 1862ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು; ಕಾರವಾರ ಜಿಲ್ಲೆಯ ಮುಖ್ಯ ಸ್ಥಳವಾಯಿತು. ಹೀಗಾಗಿ ಮುಂಬಯಿಯಲ್ಲಿ ಆದ ಕಾಯಿದೆ, ಹೊರಟ ಹುಕುಂ ಕಾರವಾರದ ಕಚೇರಿಗೂ ಬರುತ್ತಿದ್ದವು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಡಾ. ವಿಯೇಗಸ್ ಎಂಬ ವೈದ್ಯರು ಪ್ಲೇಗು ರೋಗವನ್ನು ಗುರುತಿಸಿದರು. ಜನ ಪಟ್ಟಣ ಬಿಟ್ಟು ಓಡತೊಡಗಿದರು. ವ್ಯಾಪಾರ ನಿಂತುಹೋಗುವ, ಹೊರದೇಶಗಳು ಇಲ್ಲಿಯ ಹಡಗುಗಳನ್ನು ತಡೆಯುವ ಭೀತಿ ಸರ್ಕಾರವನ್ನು ಕಾಡಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಮುಂದೆ 2020ರಲ್ಲಿ ದೇಶದ ಉದ್ದಗಲಕ್ಕೂ ಮತ್ತೆ ಹೆಸರು ಕೇಳಿಬಂದದ್ದು ಇದೇ ಕಾಯಿದೆ.

ಈ ಕಾಯಿದೆ ಬಲು ಚಿಕ್ಕದು. ಮೂಲದಲ್ಲಿ ಇದ್ದದ್ದು ನಾಲ್ಕೇ ಕಲಮುಗಳು. ಸಾಮಾನ್ಯ ಕಾನೂನು ಸಾಲದೆಂದು ಕಂಡರೆ ಸರ್ಕಾರ ತನಗೆ ಅಗತ್ಯವೆಂದು ತೋರಿದ ನಿಯಮ ಮಾಡಬಹುದು; ಪ್ರಯಾಣಿಕರನ್ನು ತಪಾಸಣೆ ಮಾಡಬಹುದು, ಶಂಕಿತರನ್ನು ಬೇರೆ ಇರಿಸಬಹುದು, ಬಂದರಿಗೆ ಬರುವ ಹೋಗುವ ಹಡಗನ್ನು ತಡೆಯಬಹುದು. ಮೀರಿದವರಿಗೆ ದಂಡಸಂಹಿತೆಯ 188ನೆಯ ಕಲಮಿನ ಪ್ರಕಾರ ಶಿಕ್ಷೆ. ಕೊನೆಯದಾಗಿ, ಈ ಕಾಯಿದೆಯಡಿ ಸದುದ್ದೇಶದಿಂದ ಕೆಲಸ ಮಾಡಿದ ಯಾವ ವ್ಯಕ್ತಿಯ ಮೇಲೂ ದಾವೆ ಹೂಡುವಂತಿಲ್ಲ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಧಿಕಾರಿಗೆ ಏನು ಮಾಡಬಹುದೆಂದು ಹೇಳುವ ಈ ಕಾಯಿದೆ, ಏನು ಮಾಡಬಾರದೆಂದು ಹೇಳುವುದಿಲ್ಲ. ನಿಯಮ ಎಷ್ಟು ದಿನ ಇರಬೇಕು, ಅನ್ಯಾಯವಾದರೆ ಜನ ಯಾರ ಬಳಿ ಹೋಗಬೇಕು, ದುಡಿಮೆ ಕಳೆದುಕೊಂಡವನಿಗೆ ಪರಿಹಾರ ಏನು ಎಂಬ ವಿಚಾರ ಅದರಲ್ಲಿಲ್ಲ. ಪರಕೀಯ ಸರ್ಕಾರ ಅವಸರದಲ್ಲಿ ಮಾಡಿದ ಕಾಯಿದೆಯಲ್ಲಿ ಅದು ಇಲ್ಲದಿದ್ದುದು ಆಶ್ಚರ್ಯವಲ್ಲ. ಸ್ವತಂತ್ರ ದೇಶ ಅದನ್ನು ಏಳು ದಶಕ ಹಾಗೆಯೇ ಇಟ್ಟುಕೊಂಡಿತೆಂಬುದು ಯೋಚಿಸತಕ್ಕ ಸಂಗತಿ.

ಕಾಯಿದೆಯ ಫಲ ಏನಾಯಿತು? ಕಾಯಿದೆ ಬರುವ ಮೊದಲೇ, 1896ರ ಅಕ್ಟೋಬರಿನಲ್ಲಿ, ಬಲವಂತವಾಗಿ ಆಸ್ಪತ್ರೆಗೆ ಒಯ್ಯುತ್ತಾರೆಂದು ಸಿಟ್ಟಿಗೆದ್ದ ಗಿರಣಿ ಕಾರ್ಮಿಕರು ಮುಂಬಯಿಯ ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದ್ದರು. ಪುಣೆಯಲ್ಲಿ ಪ್ಲೇಗು ಸಮಿತಿಯ ಮುಖ್ಯಸ್ಥನಾಗಿ ಬಂದ ರ‍್ಯಾಂಡ್ ಎಂಬ ಅಧಿಕಾರಿ ಮನೆಮನೆ ಶೋಧನೆಗೆ ಸೈನಿಕರನ್ನು ಹಚ್ಚಿದ. ಅಡುಗೆಮನೆ, ದೇವರಮನೆಯೆನ್ನದೆ ಬೂಟುಗಾಲಿನ ಸಿಪಾಯಿಗಳು ಹೊಕ್ಕರೆಂಬ ಆಕ್ರೋಶ ಊರೆಲ್ಲ ಹಬ್ಬಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ ರ‍್ಯಾಂಡ್ ಕೆಲವು ದಿನಗಳಲ್ಲಿ ಸತ್ತ. ಅದೇ ವರ್ಷ ಬಾಲಗಂಗಾಧರ ತಿಲಕರು ತಮ್ಮ ಪತ್ರಿಕೆಯ ಬರಹಗಳಿಗಾಗಿ ರಾಜದ್ರೋಹದ ಮೊಕದ್ದಮೆ ಎದುರಿಸಿ ಹದಿನೆಂಟು ತಿಂಗಳ ಸಜೆಗೆ ಗುರಿಯಾದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಶೋಧಕರ ತಂಡ ನೇಯ್ಗೆಯವರ ಮನೆಯ ಹೆಣ್ಣುಮಗಳೊಬ್ಬಳನ್ನು ಪರೀಕ್ಷಿಸಲು ಹೋದಾಗ ಇಡೀ ಕೇರಿಯೇ ದಂಗೆಯೆದ್ದಿತು.

ಸರ್ಕಾರ ಪಾಠ ಕಲಿಯಿತು, ತಡವಾಗಿ. ಮನೆ ಶೋಧನೆ, ಬಲವಂತದ ಬೇರ್ಪಡಿಕೆಗಳ ಬಿಗಿ ಕ್ರಮೇಣ ಸಡಿಲವಾಯಿತು. ಜನರ ಮುಖಂಡರ ಮೂಲಕ ತಿಳಿಹೇಳುವ, ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಳ್ಳಲು ನೆರವಾಗುವ, ಒಪ್ಪಿದವರಿಗೆ ಚುಚ್ಚುಮದ್ದು ಹಾಕುವ ದಾರಿ ಹಿಡಿಯಲಾಯಿತು. ಘಟ್ಟದ ಮೇಲಿನ ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್‌ಕಿನ್‌ರ ಪ್ಲೇಗು ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೇ ವರ್ಷ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು. ಜನ ಪ್ಲೇಗು ಮಾರಮ್ಮನ ಗುಡಿ ಕಟ್ಟಿ ಪೂಜಿಸಿದರು. ಸರ್ಕಾರ ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಕಟ್ಟಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿಯೇ. ಬೂಟುಗಾಲಿನಿಂದ ಆಗದ ಕೆಲಸ ಮಾತಿನಿಂದ ಹೆಚ್ಚು ಆಯಿತೆಂಬುದು ಪ್ಲೇಗಿನ ಕಾಲದ ಅನುಭವ.

ಏಪ್ರಿಲ್ 13ರ ಎರಡು ಗುಂಪುಗಳು

ಗುಂಪು ತಡೆಯುವ ಇನ್ನೊಂದು ಅಸ್ತ್ರ 144ನೆಯ ಕಲಮು. ಇದಕ್ಕೂ ರೋಗಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ. ಗಲಭೆಯಾದೀತೆಂಬ ಭಯವಿದ್ದಾಗ ಮ್ಯಾಜಿಸ್ಟ್ರೇಟರು ತುರ್ತಾಗಿ ಹೊರಡಿಸುವ ಆಜ್ಞೆ ಅದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ 144 ಎಂಬ ಸಂಖ್ಯೆ ಇತ್ತು. 1973ರಲ್ಲಿ ಹೊಸ ಸಂಹಿತೆ ಬಂದಾಗಲೂ ಅದೇ ಸಂಖ್ಯೆ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163 ಆಗಿದೆ. ಸಂಖ್ಯೆ ಬದಲಾದರೂ ತಿರುಳು ಬದಲಾಗಿಲ್ಲ; ಜನರ ಬಾಯಲ್ಲಿ ಅದು ಈಗಲೂ ‘ನೂರಾ ನಲವತ್ತನಾಲ್ಕು’.

ಜನ ಸೇರಬಾರದೆಂಬ ಆಜ್ಞೆ ಜನರಿಗೆ ತಲುಪದಿದ್ದರೆ ಏನಾಗುತ್ತದೆಂಬುದಕ್ಕೆ ಇತಿಹಾಸದ ಅತಿ ಕ್ರೂರ ಉದಾಹರಣೆ ಜಲಿಯನ್‌ವಾಲಾ ಬಾಗ್. 1919ರ ಏಪ್ರಿಲ್ 13ರ ಬೆಳಿಗ್ಗೆ ಅಮೃತಸರದ ಬೀದಿಗಳಲ್ಲಿ ಡಂಗುರ ಹೊಡೆಸಿ ಸಭೆ ನಿಷೇಧಿಸಲಾಯಿತು. ಬೈಸಾಖಿಗೆಂದು ಹಳ್ಳಿಗಳಿಂದ ಬಂದವರ ಪೈಕಿ ಎಷ್ಟೋ ಜನರಿಗೆ ಅದು ಕೇಳಿಸಿರಲೇ ಇಲ್ಲ. ಸಂಜೆ ಜನರಲ್ ಡೈಯರ್ ಗುಂಡು ಹಾರಿಸಿದ. ಸರ್ಕಾರಿ ಲೆಕ್ಕದ ಪ್ರಕಾರವೇ 379 ಜನ ಸತ್ತರು.

ಹನ್ನೊಂದು ವರ್ಷಗಳ ಬಳಿಕ, 1930ರ ಅದೇ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಇನ್ನೊಂದು ಗುಂಪು ಸೇರಿತು. ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಇಲ್ಲಿ ನಡೆಯಿತು. ದಿನ ಆರಿಸಿದ್ದು ಆಕಸ್ಮಿಕವಲ್ಲ. ಏಪ್ರಿಲ್ 6ರಿಂದ 13ರವರೆಗಿನ ರಾಷ್ಟ್ರೀಯ ಸಪ್ತಾಹದ ಕೊನೆಯ ದಿನ ಅದು. ಸಾವಿರಾರು ಜನರ ಸಮ್ಮುಖದಲ್ಲಿ ಕಾನೂನು ಮುರಿದು ಉಪ್ಪು ತಯಾರಾಯಿತು. ಮುಂದೆ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಹೊಲಮನೆ ಕಳೆದುಕೊಂಡರೂ ಜಗ್ಗಲಿಲ್ಲ. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಬಂದದ್ದು ಹಾಗೆ.

ಜನ ಒಟ್ಟಿಗೆ ಸೇರುವುದೆಂದರೆ ಬರಿಯ ನೂಕುನುಗ್ಗಲಲ್ಲ ಎಂಬ ತಿಳಿವಳಿಕೆ ಇಂತಹ ಊರಿಗೆ ಹೊಸದಾಗಿ ಹೇಳಿಕೊಡಬೇಕಾದುದಲ್ಲ. ದುರ್ಬಲನಿಗೆ ಗುಂಪೇ ಧ್ವನಿ. ಸಂವಿಧಾನ ಅದನ್ನು ಹಕ್ಕೆಂದು ಕರೆಯಿತು. 19ನೆಯ ವಿಧಿ ನಿಶ್ಶಸ್ತ್ರರಾಗಿ, ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯವನ್ನು ಪ್ರತಿ ನಾಗರಿಕನಿಗೂ ಕೊಡುತ್ತದೆ. ಅದಕ್ಕೆ ಮಿತಿ ಹಾಕಬಹುದಾದ ಕಾರಣಗಳನ್ನೂ ಹೆಸರಿಸುತ್ತದೆ: ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆ. ಆ ಪಟ್ಟಿಯಲ್ಲಿ ರೋಗದ ಮಾತು ನೇರವಾಗಿ ಇಲ್ಲ. ಆದ್ದರಿಂದ ರೋಗದ ಕಾರಣಕ್ಕೆ ಸಭೆ ತಡೆಯುವಾಗ ಸರ್ಕಾರ ಇನ್ನಷ್ಟು ಜಾಗರೂಕತೆಯಿಂದ ಕಾರಣ ಕೊಡಬೇಕಾಗುತ್ತದೆ, ಕಡಿಮೆ ಕೊಟ್ಟರೆ ಸಾಲದು.

ಇದೇ ಮಾತನ್ನು ನ್ಯಾಯಾಲಯಗಳು ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲು ಬೇರೆ ಸಂದರ್ಭಗಳಲ್ಲಿ ಹೇಳಿದ್ದವು. 2020ರ ಜನವರಿಯಲ್ಲಿ ಕಾಶ್ಮೀರಕ್ಕೆ ಸಂಬಂಧಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 144ರ ಆಜ್ಞೆಗಳನ್ನು ಪ್ರಕಟಿಸಬೇಕು, ಅವು ಅಗತ್ಯವನ್ನು ಮೀರಬಾರದು ಎಂದಿತು. ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಪ್ರತಿಭಟನೆಗಳ ವೇಳೆ, 2019ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಹೊರಡಿಸಿದ್ದ 144ರ ಆಜ್ಞೆಯನ್ನು ಕರ್ನಾಟಕ ಹೈಕೋರ್ಟು 2020ರ ಫೆಬ್ರವರಿ 13ರಂದು ಕಾನೂನಿಗೆ ವಿರುದ್ಧವೆಂದು ಸಾರಿತು. ಒಂದು ತಿಂಗಳು ಕಳೆಯುವುದರೊಳಗೆ ರೋಗ ಬಂತು.

ಆ ಮಾರ್ಚ್ ತಿಂಗಳು

2020ರ ಜನವರಿಯಲ್ಲಿ ಕಾರವಾರದ ಕಡಲತೀರ ಜನರಿಂದ ತುಂಬಿತ್ತು. ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರಿನ ಎರಡನೆಯ ಹಂತದ ವಿಸ್ತರಣೆಗೆ ಮೀನುಗಾರರ ವಿರೋಧವಿತ್ತು. ರವೀಂದ್ರನಾಥ ಟಾಗೋರ್ ಕಡಲತೀರ ಕಳೆದುಹೋಗುತ್ತದೆ, ದೋಣಿ ನಿಲ್ಲಿಸಲು, ಬಲೆ ಹರಡಲು ತಾಣವಿಲ್ಲದಾಗುತ್ತದೆಂಬುದು ಅವರ ಅಳಲು. ಪೊಲೀಸರ ಕಾವಲಿನಲ್ಲಿ ಕೆಲಸ ಆರಂಭವಾಯಿತು. ಪ್ರತಿಭಟನೆ, ಬಂದ್ ನಡೆದವು. ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ಗುಂಪು ಸೇರುವುದರ ಬೆಲೆ ಏನೆಂಬುದು ಆ ಮೀನುಗಾರರಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಚ್ 3ರಿಂದ 11ರವರೆಗೆ ಇದೇ ಜಿಲ್ಲೆಯ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ನಡೆಯಿತು. ಹೋಳಿಯ ಹೊತ್ತಿಗೆ ಅಂಕೋಲೆ ಸೀಮೆಯ ಹಾಲಕ್ಕಿಗಳ ಸುಗ್ಗಿಯ ಕಾಲ. ಮಾರ್ಚ್ 10ರಂದು ಕಲಬುರ್ಗಿಯ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೊರೊನಾದಿಂದಾದ ಮೊದಲ ಸಾವು ಅದೆಂದು ಆಮೇಲೆ ದೃಢಪಟ್ಟಿತು. ಮಾರ್ಚ್ 14ರಿಂದ ರಾಜ್ಯದಲ್ಲಿ ಜಾತ್ರೆ, ಮದುವೆ, ಸಿನೆಮಾ, ಸಭೆಗಳಿಗೆ ತಡೆ ಬಿತ್ತು. 22ರಂದು ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್.

ಕರಾವಳಿಯಲ್ಲಿ ಮಾರ್ಚ್ ಎಂದರೆ ಯಕ್ಷಗಾನ ಮೇಳಗಳ ತಿರುಗಾಟದ ಭರಾಟೆಯ ಕಾಲ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಚೌಕಿಯ ದೀಪ ಆರಿತು. ಮೀನುಪೇಟೆ ಮುಚ್ಚಿತು. ಗೋವೆಯ ಗಡಿಯಲ್ಲಿ ಮಾಜಾಳಿಯ ಗೇಟು ಬಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಕಾರವಾರದ ಕೆಲಸಗಾರರಿಗೆ ಕಾಳಿ ನದಿಯ ಆಚೆಗಿನ ಆ ಗಡಿ ಒಮ್ಮೆಲೇ ಪರದೇಶದ ಗಡಿಯಂತಾಯಿತು. ಭಟ್ಕಳದಲ್ಲಿ ಸೋಂಕಿತರು ಕಂಡುಬಂದಾಗ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ಕೊಡಲಾಯಿತು. ಅವರು ಗುಣಮುಖರಾಗಿ ಮನೆಗೆ ಮರಳಿದ್ದು ಜಿಲ್ಲೆಗೆ ಧೈರ್ಯ ತಂದ ಸಂಗತಿ.

ಆಗ ಕೈಗೆತ್ತಿಕೊಂಡ ಕಾನೂನುಗಳು ಮೂರು. 1897ರ ಕಾಯಿದೆ, 144ನೆಯ ಕಲಮು, 2005ರ ವಿಪತ್ತು ನಿರ್ವಹಣಾ ಕಾಯಿದೆ. ಭೂಕಂಪ, ಚಂಡಮಾರುತಗಳನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಈ ಮೂರನೆಯ ಕಾಯಿದೆಯ ಅಡಿಯಲ್ಲೇ ದೇಶದ ಲಾಕ್‌ಡೌನ್ ಆಜ್ಞೆಗಳು ಹೊರಟವು. ಬೆಂಗಳೂರಿನ ಪಾದರಾಯನಪುರದಲ್ಲಿ ಏಪ್ರಿಲ್ 19ರಂದು ಆರೋಗ್ಯ ಸಿಬ್ಬಂದಿಯ ಮೇಲೆ ದಾಳಿಯಾದ ಬಳಿಕ ಕರ್ನಾಟಕ ಸರ್ಕಾರ ತನ್ನದೇ ಸುಗ್ರೀವಾಜ್ಞೆಯನ್ನು ತಂದಿತು. ಆಮೇಲೆ ಅದು ಕಾಯಿದೆಯಾಯಿತು. ಕೇಂದ್ರವೂ 1897ರ ಕಾಯಿದೆಗೆ ತಿದ್ದುಪಡಿ ಮಾಡಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಕಠಿಣ ಶಿಕ್ಷೆ ಗೊತ್ತುಮಾಡಿತು. ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ ಈ ರಕ್ಷಣೆ ಬೇಕೇ ಇತ್ತು. ಆದರೆ ನಿಯಮದ ಹೆಸರಿನಲ್ಲಿ ಪೆಟ್ಟು ತಿಂದ ಬಡವನ ರಕ್ಷಣೆಯ ಮಾತು ಆ ತಿದ್ದುಪಡಿಯಲ್ಲಿ ಬರಲಿಲ್ಲ.

ಲಾಠಿಯ ಪ್ರಶ್ನೆ

ಲಾಕ್‌ಡೌನಿನ ಮೊದಲ ವಾರದಲ್ಲೇ ದೇಶದ ನಾನಾ ಕಡೆಗಳಿಂದ ಒಂದೇ ಬಗೆಯ ದೃಶ್ಯಗಳು ಬಂದವು. ರಸ್ತೆಗೆ ಬಂದವರಿಗೆ ಲಾಠಿ ಏಟು, ಬಸ್ಕಿ, ಕಪ್ಪೆಯ ಹಾಗೆ ಕುಪ್ಪಳಿಸುವ ಶಿಕ್ಷೆ. ನೋಡಿ ನಕ್ಕವರೂ ಇದ್ದರು, ಹಾಗೆಯೇ ಆಗಬೇಕೆಂದವರೂ ಇದ್ದರು. ಆದರೆ ಔಷಧಿಗೆ ಹೊರಟವನಾರು, ಅಡ್ಡಾಡಲು ಹೊರಟವನಾರು ಎಂದು ಲಾಠಿ ವಿಚಾರಿಸುವುದಿಲ್ಲ. 188ನೆಯ ಕಲಮಿನಡಿ ಆಗಬೇಕಾದದ್ದು ನ್ಯಾಯಾಲಯದಲ್ಲಿ ವಿಚಾರಣೆ, ಸಾಬೀತಾದರೆ ಶಿಕ್ಷೆ. ರಸ್ತೆಯ ಮೇಲೆಯೇ ಬೆನ್ನಿಗೆ ಬಾರಿಸುವ ಶಿಕ್ಷೆ ಯಾವ ಕಾಯಿದೆಯಲ್ಲಿಯೂ ಇಲ್ಲ. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಭಾಸ್ಕರ್ ರಾವ್ ಅವರೇ ಲಾಠಿಗಳನ್ನು ಠಾಣೆಯಲ್ಲಿಟ್ಟು ಬನ್ನಿರೆಂದು ಸಿಬ್ಬಂದಿಗೆ ಸೂಚಿಸಬೇಕಾಯಿತು.

ಇದರ ಪರಾಕಾಷ್ಠೆ ಕಂಡದ್ದು ತಮಿಳುನಾಡಿನ ಸಾತಾನ್‌ಕುಳಂನಲ್ಲಿ. 2020ರ ಜೂನಿನಲ್ಲಿ, ನಿಗದಿತ ಸಮಯ ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ಜಯರಾಜ್, ಬೆನ್ನಿಕ್ಸ್ ಎಂಬ ತಂದೆ ಮಗನನ್ನು ಪೊಲೀಸರು ಹಿಡಿದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ತನಿಖೆ ಸಿಬಿಐಗೆ ಹೋಯಿತು. ರೋಗದಿಂದ ಪ್ರಾಣ ಉಳಿಸಲೆಂದು ಮಾಡಿದ ನಿಯಮ ಎರಡು ಪ್ರಾಣ ಕಳೆಯುವುದಕ್ಕೆ ನೆಪವಾದದ್ದು ಹೀಗೆ.

ಪೊಲೀಸರ ಕಡೆಯ ಮಾತನ್ನೂ ಕೇಳಬೇಕು. ಹಗಲಿರುಳು ನಾಕಾದಲ್ಲಿ ನಿಂತವರು ಅವರು. ಮೊದಮೊದಲು ಅವರಿಗೆ ಸರಿಯಾದ ಮುಖಗವಸೂ ಇರಲಿಲ್ಲ. ಬೆಳಿಗ್ಗೆ ಒಂದು ಮಾರ್ಗಸೂಚಿ, ಸಂಜೆ ಅದಕ್ಕೊಂದು ತಿದ್ದುಪಡಿ. ಮದುವೆಗೆ ಎಷ್ಟು ಜನ, ಶವಸಂಸ್ಕಾರಕ್ಕೆ ಎಷ್ಟು ಜನ ಎಂಬ ಲೆಕ್ಕ ವಾರವಾರವೂ ಬದಲಾಗುತ್ತಿತ್ತು. ಸೋಂಕಿನಿಂದ ಪ್ರಾಣ ತೆತ್ತ ಪೊಲೀಸರೂ ರಾಜ್ಯದಲ್ಲಿದ್ದಾರೆ. ರೋಗವೂ ಸುಳ್ಳಾಗಿರಲಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಸಾವುಗಳೇ ಸುಮಾರು 40 ಸಾವಿರ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಜನ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಗುಂಪು ತಡೆಯಬಾರದಿತ್ತೆಂದು ಈ ಅಂಕಿಗಳ ಎದುರು ಹೇಳುವುದು ಕಷ್ಟ. ಪ್ರಶ್ನೆ ಇರುವುದು ಯಾರ ಗುಂಪನ್ನು ತಡೆಯಲಾಯಿತು, ಯಾರದನ್ನು ಬಿಡಲಾಯಿತು ಎಂಬಲ್ಲಿ.

ಎರಡು ಅಳತೆ

2020ರ ಏಪ್ರಿಲ್ 17ರಂದು, ಲಾಕ್‌ಡೌನ್ ನಡುವೆಯೇ, ರಾಮನಗರ ಜಿಲ್ಲೆಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರ ಮಗನ ಮದುವೆ ನಡೆಯಿತು. ನಿಯಮ ಪಾಲಿಸಿಯೇ ನಡೆಸಿದ್ದೆಂದು ಕುಟುಂಬದವರು ಹೇಳಿದರು. ಹೈಕೋರ್ಟು ಈ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತು. ಎಷ್ಟೋ ಮನೆಗಳಲ್ಲಿ ಲಗ್ನಪತ್ರಿಕೆ ಹಂಚಿಯಾದ ಮೇಲೆ ಮದುವೆ ಮುಂದೂಡಿದ್ದ ತಂದೆತಾಯಂದಿರು ಆ ಸುದ್ದಿಯನ್ನು ಹೇಗೆ ಓದಿದ್ದಾರೆಂದು ಊಹಿಸಬಹುದು.

ಅದೇ ವರ್ಷ ಆಗಸ್ಟಿನಲ್ಲಿ ಗಣೇಶ ಚೌತಿ ಬಂತು. ಸಾರ್ವಜನಿಕ ಗಣೇಶೋತ್ಸವಕ್ಕೆ ಮೊದಲು ಅವಕಾಶವಿಲ್ಲವೆಂದ ಸರ್ಕಾರ, ವಿರೋಧ ಬಂದ ಮೇಲೆ ಹಬ್ಬಕ್ಕೆ ಕೆಲವೇ ದಿನ ಉಳಿದಿರುವಾಗ ಒಪ್ಪಿತು. ವಾರ್ಡಿಗೆ ಅಥವಾ ಗ್ರಾಮಕ್ಕೆ ಒಂದೇ ಗಣಪತಿ, ಎತ್ತರ ನಾಲ್ಕು ಅಡಿ ಮೀರಬಾರದು, ಒಂದು ಸಲಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ ಎಂದಾಯಿತು. ಮೊದಲೇ ಸಂಘಗಳನ್ನು ಕರೆದು ಮಾತನಾಡಿದ್ದರೆ ಇದೇ ತೀರ್ಮಾನ ಗೊಂದಲವಿಲ್ಲದೆ ಆಗುತ್ತಿತ್ತು. ಮೂರ್ತಿ ಮಾಡುವ ಬಡ ಕಲಾವಿದನಿಗೂ ಎಷ್ಟು ಮಣ್ಣು ಕಲಸಬೇಕೆಂಬುದು ಮುಂಚಿತವಾಗಿ ತಿಳಿಯುತ್ತಿತ್ತು. ಅಕ್ಟೋಬರಿನಲ್ಲಿ ಮುಖಗವಸು ಹಾಕದವರಿಗೆ ನಗರಗಳಲ್ಲಿ ಸಾವಿರ ರೂಪಾಯಿ ದಂಡವೆಂದರು. ಜನ ಗೊಣಗಿದಾಗ ಅದು 250ಕ್ಕೆ ಇಳಿಯಿತು.

2021ರ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರ ಸಭೆ ನಡೆಯಿತು. ಮುಖಗವಸಿಲ್ಲದ ಜನ ಕಿಕ್ಕಿರಿದಿದ್ದರೂ ಸಂಘಟಕರ ಮೇಲೆ ಕ್ರಮವೇಕಿಲ್ಲವೆಂದು ಹೈಕೋರ್ಟು ಅಲ್ಲಿಯ ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು. 2022ರ ಜನವರಿಯಲ್ಲಿ ಪಾತ್ರಗಳು ಅದಲುಬದಲಾದವು. ವಾರಾಂತ್ಯದ ಕರ್ಫ್ಯೂ ಇದ್ದರೂ ಕಾಂಗ್ರೆಸ್ ಪಕ್ಷ ಮೇಕೆದಾಟು ಪಾದಯಾತ್ರೆ ಹೊರಟಿತು. 12ರಂದು ಹೈಕೋರ್ಟು ಸರ್ಕಾರವನ್ನೂ ಪಕ್ಷವನ್ನೂ ಪ್ರಶ್ನಿಸಿತು; ಮರುದಿನ ಯಾತ್ರೆ ನಿಂತಿತು. ಯಾವ ಪಕ್ಷವೂ ಈ ವಿಷಯದಲ್ಲಿ ಇನ್ನೊಂದಕ್ಕೆ ಉಪದೇಶ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಎರಡು ಅಳತೆಯ ಇನ್ನೂ ಕಹಿಯಾದ ರೂಪ ಮತದ ಹೆಸರಿನಲ್ಲಿ ಕಂಡಿತು. 2020ರ ಮಾರ್ಚಿನಲ್ಲಿ ದಿಲ್ಲಿಯ ನಿಜಾಮುದ್ದೀನಿನಲ್ಲಿ ಸೇರಿದ್ದ ತಬ್ಲೀಗಿ ಜಮಾತಿನವರ ಮೇಲೆ ಮೊಕದ್ದಮೆಗಳಾದವು. ಒಂದು ಸಮುದಾಯವೇ ರೋಗ ಹರಡಿತೆಂಬ ಮಾತು ಊರೂರಿಗೆ ಹಬ್ಬಿತು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ವರ್ಷದ ಆಗಸ್ಟಿನಲ್ಲಿ ತನ್ನ ಮುಂದಿದ್ದ ಪ್ರಕರಣಗಳನ್ನು ರದ್ದುಪಡಿಸಿತು. ಇಂತಹವೇ ಪ್ರಕರಣಗಳಲ್ಲಿ ಸಿಲುಕಿದ್ದ 70 ಭಾರತೀಯರ ಮೇಲಿನ ಮೊಕದ್ದಮೆಗಳನ್ನು ದಿಲ್ಲಿ ಹೈಕೋರ್ಟು ರದ್ದುಮಾಡಿದ್ದು 2025ರ ಜುಲೈನಲ್ಲಿ, ಐದು ವರ್ಷಗಳ ನಂತರ. ಈ ನಡುವೆ 2021ರ ಏಪ್ರಿಲಿನಲ್ಲಿ, ಎರಡನೆಯ ಅಲೆ ಏರುತ್ತಿದ್ದಾಗ, ಹರಿದ್ವಾರದಲ್ಲಿ ಕುಂಭಮೇಳ ನಡೆದಿತ್ತು. ಹಲವು ರಾಜ್ಯಗಳಲ್ಲಿ ಚುನಾವಣಾ ಪ್ರಚಾರ ಸಾಗಿತ್ತು. ಒಂದು ಗುಂಪು ಅಪರಾಧವಾಗಿ, ಇನ್ನೊಂದು ಗುಂಪು ಶ್ರದ್ಧೆಯಾಗಿ, ಮತ್ತೊಂದು ಪ್ರಜಾಪ್ರಭುತ್ವದ ಉತ್ಸವವಾಗಿ ಕಾಣಿಸಿತು. ವೈರಾಣುವಿಗೆ ಈ ಭೇದ ತಿಳಿಯದು.

ಇದು ಈ ದೇಶದ್ದೊಂದೇ ಕಥೆಯೂ ಅಲ್ಲ. ಲಂಡನ್ನಿನಲ್ಲಿ ಸಾರಾ ಎವರಾರ್ಡ್ ಎಂಬ ತರುಣಿಯನ್ನು ಪೊಲೀಸನೊಬ್ಬ ಅಪಹರಿಸಿ ಕೊಂದ. 2021ರ ಮಾರ್ಚ್ 13ರಂದು ಕ್ಲ್ಯಾಪಂ ಬಯಲಿನಲ್ಲಿ ಅವಳ ಸ್ಮರಣೆಗೆ ಸೇರಿದ ಮಹಿಳೆಯರನ್ನು ಕೊರೊನಾ ನಿಯಮದ ಹೆಸರಿನಲ್ಲಿ ಪೊಲೀಸರು ಎಳೆದಾಡಿದರು. ಒಂದು ವರ್ಷದ ಬಳಿಕ ಅಲ್ಲಿಯ ಹೈಕೋರ್ಟು, ಆ ಸಭೆಯನ್ನು ಯೋಜಿಸಿದ್ದವರ ಹಕ್ಕುಗಳನ್ನು ಪೊಲೀಸರು ಉಲ್ಲಂಘಿಸಿದರೆಂದು ತೀರ್ಪಿತ್ತಿತು. ಮತ್ತೊಂದು ಕಡೆ, ಪ್ರಧಾನಿಯ ನಿವಾಸದಲ್ಲೇ ಲಾಕ್‌ಡೌನ್ ಕಾಲದಲ್ಲಿ ಕೂಟಗಳು ನಡೆದದ್ದು ಬಯಲಾಗಿ, 2022ರ ಏಪ್ರಿಲಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ ಪೊಲೀಸರು ದಂಡ ಹಾಕಿದರು. ನಿಯಮ ಮಾಡಿದವನಿಗೇ ದಂಡ ಬಿದ್ದದ್ದು ಅಲ್ಲಿಯ ಜನರಿಗೆ ಅಷ್ಟಿಷ್ಟು ಸಮಾಧಾನ ಕೊಟ್ಟಿರಬೇಕು.

ಸೂತಕದ ಪಾಠ

ರೋಗಕ್ಕೆ ದೂರವಿರಬೇಕೆಂಬುದು ಹಳ್ಳಿಗರಿಗೆ ಕಾನೂನು ಕಲಿಸಿದ ಪಾಠವಲ್ಲ. ಸಿಡುಬು, ಕಾಲರಾಗಳ ಕಾಲದಲ್ಲಿ ಊರ ಗಡಿ ಕಟ್ಟುವ, ಮಾರಿಯನ್ನು ಸೀಮೆಯಾಚೆ ದಾಟಿಸುವ, ರೋಗಿಯಿರುವ ಮನೆಗೆ ಬೇವಿನ ಸೊಪ್ಪು ಸಿಕ್ಕಿಸುವ ಪದ್ಧತಿಗಳು ಇದ್ದವು. ಸೂತಕದ ಮನೆಯವರು ದೇವಸ್ಥಾನದ ಮೆಟ್ಟಿಲು ತುಳಿಯುವುದಿಲ್ಲ. ಕಾಯಲು ಅಲ್ಲಿ ಪೊಲೀಸರಿಲ್ಲ. ಆದರೂ ಪಾಲನೆಯಾಗುತ್ತದೆ. ಏಕೆ? ಎಷ್ಟು ದಿನವೆಂಬುದು ಎಲ್ಲರಿಗೂ ಗೊತ್ತು. ಮನೆಯ ಯಜಮಾನನಿಗೂ ಅದರಲ್ಲಿ ರಿಯಾಯಿತಿಯಿಲ್ಲ. ಈ ಪದ್ಧತಿಗಳಲ್ಲೆಲ್ಲ ನ್ಯಾಯವೇ ಇತ್ತೆಂದಲ್ಲ. ಜಾತಿಯ ಹೆಸರಿನಲ್ಲಿ ಜನರನ್ನು ದೂರವಿಟ್ಟ ಸಮಾಜವೂ ಇದೇ. ಆದರೆ ಅವಧಿ ತಿಳಿದಿದ್ದು, ಎಲ್ಲರಿಗೂ ಅನ್ವಯವಾದರೆ ನಿಯಮ ತಾನಾಗಿ ನಿಲ್ಲುತ್ತದೆಂಬ ಪಾಠವನ್ನು ಇಲ್ಲಿಂದ ತೆಗೆದುಕೊಳ್ಳಬಹುದು.

ಹಾಗಾದರೆ ಮುಂದೆ ಇಂತಹ ಕಾಲ ಬಂದರೆ ಆಗಬೇಕಾದುದೇನು? ಆಜ್ಞೆ ಲಿಖಿತವಾಗಿರಬೇಕು, ಕನ್ನಡದಲ್ಲಿರಬೇಕು, ಕಾರವಾರದಂಥ ಕಡೆ ಕೊಂಕಣಿಯಲ್ಲೂ ಕೂಗಿ ಹೇಳಬೇಕು. ಕಾರಣವನ್ನೂ ಮುಗಿಯುವ ದಿನಾಂಕವನ್ನೂ ಹೇಳಬೇಕು. 144ರ ಆಜ್ಞೆ ಎರಡು ತಿಂಗಳು ಮೀರಬಾರದು, ಸರ್ಕಾರ ವಿಸ್ತರಿಸಿದರೂ ಮತ್ತೆ ಆರು ತಿಂಗಳಿಗಿಂತ ಹೆಚ್ಚಿಲ್ಲವೆಂಬ ಮಿತಿ ಕಾನೂನಿನಲ್ಲಿಯೇ ಇತ್ತು. ಹೊಸ ಸಂಹಿತೆಯಲ್ಲೂ ಇದೆ. ಆ ಮಿತಿಯನ್ನು ಜನರೂ ತಿಳಿದಿರಬೇಕು. ಎಷ್ಟು ಜನ ಸೇರಬಹುದೆಂಬ ಸಂಖ್ಯೆ ಶಾಸಕರ ಸಭೆಗೂ ಸೇವಂತಿಗೆ ಮಾರುವವಳ ಮಗಳ ಮದುವೆಗೂ ಒಂದೇ ಆಗಿರಬೇಕು. ಜಾತ್ರಾ ಸಮಿತಿ, ಮೀನುಗಾರರ ಸಂಘ, ಮಸೀದಿ, ಇಗರ್ಜಿಗಳ ಮುಖ್ಯಸ್ಥರನ್ನು ಆಜ್ಞೆಯಾದ ಮೇಲಲ್ಲ, ಆಗುವ ಮೊದಲು ಕರೆಯಬೇಕು. ತಪ್ಪಿದವನ ಮೇಲೆ ಮೊಕದ್ದಮೆ ಹೂಡಬಹುದು, ಕೈ ಮಾಡುವಂತಿಲ್ಲ. ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರ ಮೇಲೆ ಹಾಕಿದ್ದ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳುವ ಬಗ್ಗೆ ಯೋಚಿಸಿರೆಂದು ಸುಪ್ರೀಂ ಕೋರ್ಟು 2020ರ ಜೂನ್ 9ರಂದು ರಾಜ್ಯಗಳಿಗೆ ಹೇಳಿತು. ಹಸಿದು ನಡೆದವನನ್ನು ಅಪರಾಧಿಯೆಂದು ಬರೆದುಕೊಂಡ ಮೇಲೆ ಹೇಳಬೇಕಾದ ಮಾತಲ್ಲ ಅದು, ಬರೆಯುವ ಮೊದಲೇ ತೋಚಬೇಕಾದದ್ದು.

ಮುಖ್ಯವಾದ ಇನ್ನೊಂದು ಮಾತಿದೆ. ರೋಗದ ಹೆಸರಿನಲ್ಲಿ ರೂಢಿಯಾದ ಅಧಿಕಾರ ರೋಗದ ಜೊತೆಗೇ ಹೋಗಬೇಕು. ಮುಂದೊಂದು ದಿನ ಕಡಲತೀರದಲ್ಲಿ ಮೀನುಗಾರರು ತಮ್ಮ ನೆಲೆಗಾಗಿ ಸೇರಿದಾಗ, ಅಂದು ರೋಗದ ಭಯಕ್ಕೆ ಒಪ್ಪಿ ಮನೆಯಲ್ಲಿ ಕುಳಿತ ಜನರ ವಿವೇಕವೇ ಇಂದು ಅವರ ಬಾಯಿ ಕಟ್ಟುವ ವಾಡಿಕೆಯಾಗಬಾರದು.

ವಿಪತ್ತು ನಿರ್ವಹಣಾ ಕಾಯಿದೆಯಡಿ ಹಾಕಿದ್ದ ಕೊರೊನಾ ನಿರ್ಬಂಧಗಳನ್ನು ಕೇಂದ್ರ ಸರ್ಕಾರ 2022ರ ಮಾರ್ಚ್ 31ಕ್ಕೆ ಕೊನೆಗೊಳಿಸಿತು. ಆ ವರ್ಷದ ವೈಶಾಖದ ಹುಣ್ಣಿಮೆ ಮೇ 16ರಂದು ಬಂತು. ಎರಡು ವರ್ಷ ಕಾದ ಜನಕ್ಕೆ ಬಂಡಿಹಬ್ಬಕ್ಕೆ ಹೋಗಲು ಯಾರ ಪರವಾನಗಿಯೂ ಬೇಕಾಗಿರಲಿಲ್ಲ. ಆ ಎರಡು ವರ್ಷ ಅವರನ್ನು ಮನೆಯಲ್ಲಿ ನಿಲ್ಲಿಸಿದ್ದು ಲಾಠಿಯಲ್ಲ. ಮನೆಯ ಹಿರಿಯರ, ಎಳೆಯರ ಮೇಲಿನ ಕಾಳಜಿ. ಮತ್ತೊಮ್ಮೆ ಅಂತಹ ದಿನ ಬಂದರೆ ಆಳುವವರು ನಂಬಬೇಕಾದದ್ದು ಆ ಕಾಳಜಿಯನ್ನು. ಅದನ್ನು ಉಳಿಸಿಕೊಳ್ಳಬೇಕಾದರೆ ಜಾತ್ರೆಗೂ ಸಭೆಗೂ ಅಳತೆ ಒಂದೇ ಇರಬೇಕು.